ಮಾತಿನ ಉಳಿದರ್ಧ

"ಹಾಗಾದ್ರೆ ಕಪಟದಿಂದ ಕೇಳಿದವನಿಗೂ ಉತ್ತರ ಸಿಕ್ಕಿತಲ್ಲ, ದೊಡ್ಡಕ್ಕ?"

ಪುಸ್ತಕ ಮುಚ್ಚಿ ಕೊನೆಯ ಪ್ರಾರ್ಥನೆಗೆ ಏಳಲಿದ್ದ ದೊಡ್ಡಕ್ಕ ಮತ್ತೆ ಕುರ್ಚಿಯಲ್ಲಿ ಕೂತಳು. ಕೇಳಿದವನು ಗೆರೆಯಣ್ಣ. ಹಿಂದಿನ ಬೆಂಚಿನಲ್ಲಿ ಎರಡೂ ಅಂಗೈಗಳನ್ನು ಮೊಣಕಾಲ ನಡುವೆ ಒತ್ತಿಕೊಂಡು, ಮುಂದಕ್ಕೆ ಬಾಗಿ ಕೂತಿದ್ದ. ಅವನು ಧರಿಸಿದ್ದ ಅಂಗಿಯ ತೋಳಿನ ಮೇಲೆ ಚಾಕುವಿನಿಂದ ಎಳೆದಂತೆ ನೇರವಾದ ಒಂದು ಇಸ್ತ್ರಿಯ ಗೆರೆ. ಆ ಗೆರೆಯಿಂದಲೇ ಅವನಿಗೆ ಆ ಹೆಸರು ಬಂದದ್ದು.

ಹೊಸದಾಗಿ ಕ್ರೈಸ್ತ ಸಭೆ ಸೇರಬೇಕೆನ್ನುವವರಿಗೆ ಭಾನುವಾರ ಮಧ್ಯಾಹ್ನ ಚರ್ಚಿನ ಹಿಂದಿನ ಹಾಲಿನಲ್ಲಿ ದೊಡ್ಡಕ್ಕ ಪಾಠ ಹೇಳಲು ಶುರು ಮಾಡಿ ಹನ್ನೆರಡು ವರ್ಷವಾಗಿತ್ತು. ಆರು ತಿಂಗಳ ಪಾಠ, ಆಮೇಲೆ ಸಮಿತಿಯ ಒಪ್ಪಿಗೆ, ಆಮೇಲೆ ದೀಕ್ಷಾಸ್ನಾನ. ಈ ಸಲ ಇದ್ದವರು ಮೂವರೇ. ಸಭೆಯ ಹುಡುಗನೊಬ್ಬನನ್ನು ಮದುವೆಯಾಗಲಿದ್ದ ಟೈಲರ್ ಹುಡುಗಿ ಒಬ್ಬಳು. ಫ್ಯಾನಿನ ಗಾಳಿಗೆಂದೇ ಬರುತ್ತಾನೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದ, ಕಿವಿ ಕೇಳದ ಮುದಿ ಕಾವಲುಗಾರ ಇನ್ನೊಬ್ಬ. ಮೂರನೆಯವನು ಗೆರೆಯಣ್ಣ.

ಅವತ್ತಿನ ಪಾಠ ನಿತ್ಯಜೀವದ್ದು. ಒಂದೇ ಪ್ರಶ್ನೆಯನ್ನು ಇಬ್ಬರು ಕೇಳಿದ ಕಥೆ. ನಿತ್ಯಜೀವ ಪಡೆಯಲು ನಾನೇನು ಮಾಡಬೇಕು ಎಂದು ಧರ್ಮಶಾಸ್ತ್ರ ಓದಿಕೊಂಡ ಪಂಡಿತನೊಬ್ಬ ಯೇಸುಸ್ವಾಮಿಯನ್ನು ಪರೀಕ್ಷಿಸಲೆಂದು ಕೇಳಿದ. ಹಣವಂತ ಯುವಕನೊಬ್ಬ ಓಡಿಬಂದು ಮಂಡಿಯೂರಿ ಕೇಳಿದ. ಪ್ರಶ್ನೆ ಒಂದೇ ಆದರೂ ಕೇಳಿದ ಮನಸ್ಸು ಬೇರೆ ಬೇರೆ, ದೇವರು ನೋಡುವುದು ಮನಸ್ಸನ್ನು. ಹನ್ನೆರಡು ವರ್ಷದಿಂದ ದೊಡ್ಡಕ್ಕ ಈ ಪಾಠವನ್ನು ಇಲ್ಲಿಗೇ ಮುಗಿಸುತ್ತಿದ್ದಳು. ಯಾರೂ ಎದುರು ಕೇಳಿರಲಿಲ್ಲ.

"ಸಿಕ್ಕಿತು," ಎಂದಳು ದೊಡ್ಡಕ್ಕ. "ಆದ್ರೆ ಅವನು ಪರೀಕ್ಷೆ ಮಾಡೋಕೆ ಬಂದವನು."

"ಬಂದಿರಲಿ ದೊಡ್ಡಕ್ಕ. ಸ್ವಾಮಿ ಅವನನ್ನ ಹೋಗಾಚೆ ಅನ್ನಲಿಲ್ವಲ್ಲ. ಕೂರಿಸಿಕೊಂಡು ಕಥೆ ಹೇಳಿದ್ರು. ಮನಸ್ಸಿಟ್ಟು ಕೇಳಿದನಲ್ಲ ಆ ಹುಡುಗ, ಅವನೇ ಆಸ್ತಿ ಬಿಡೋಕಾಗದೆ ಮುಖ ಸಣ್ಣಗೆ ಮಾಡ್ಕೊಂಡು ವಾಪಸ್ ಹೋದ. ಅಂದ್ರೆ ಯಾವ ಮನಸ್ಸಿಂದ ಕೇಳಿದ್ರು ಅನ್ನೋದಕ್ಕಿಂತ, ಕೇಳಿದ ಮೇಲೆ ನಿಂತ್ಕೊಂಡ್ರಾ ಹೊರಟ್ರಾ ಅನ್ನೋದು ಮುಖ್ಯ ಅಲ್ವಾ?"

ಟೈಲರ್ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎಲ್ಲರೂ ಸುಮ್ಮನಾದದ್ದನ್ನು ನೋಡಿ ಕಾವಲುಗಾರ, ಪಾಠ ಮುಗಿಯಿತೆಂದುಕೊಂಡು "ಆಮೆನ್" ಎಂದು ಜೋರಾಗಿ ಹೇಳಿ ಎದ್ದೇಬಿಟ್ಟ. ಆ ನಗೆಯಲ್ಲಿ ಪ್ರಶ್ನೆ ಕರಗಿಹೋಯಿತು. "ಮುಂದಿನ ವಾರ ನೋಡೋಣ," ಎಂದಳು ದೊಡ್ಡಕ್ಕ. ಹಾಲಿನ ಬಾಗಿಲಿಗೆ ಬೀಗ ಹಾಕುವಾಗ ಅವಳ ಕೈ ಯಾಕೋ ಒರಟಾಗಿತ್ತು. ಇಸ್ತ್ರಿ ಮಾಡುವವನೊಬ್ಬ ತನಗೆ ಪಾಠ ಹೇಳಿದ್ದಕ್ಕಿಂತ, ಅವನು ಹೇಳಿದ್ದು ಸರಿಯಿರಬಹುದು ಎಂಬುದು ಅವಳನ್ನು ಹೆಚ್ಚು ಚುಚ್ಚಿತ್ತು.

ಇಬ್ಬರದೂ ಒಂದೇ ಕಡೆ ಕೆಲಸ. ಸಭೆ ನಡೆಸುತ್ತಿದ್ದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಬೆಳಗ್ಗೆ ಆರಕ್ಕೆ ಬಾಯ್ಲರ್ ಉರಿದರೆ ಏಳಕ್ಕೆಲ್ಲ ಹಬೆ ಗೋಡೆಯಿಂದ ಇಳಿಯುತ್ತಿತ್ತು. ಒಂದು ಕಡೆ ವಾರ್ಡುಗಳಿಂದ ಬಂದ ಗಂಟುಗಳು, ಅವುಗಳ ಮೇಲೆ ವಾರ್ಡಿನ ಸಂಖ್ಯೆ ಬರೆದ ಚೀಟಿ. ಮಧ್ಯದಲ್ಲಿ ಗುಡುಗುಡು ತಿರುಗುವ ಯಂತ್ರಗಳು. ಆ ತುದಿಯಲ್ಲಿ ಇಸ್ತ್ರಿ. ಮನುಷ್ಯನಷ್ಟು ಅಗಲದ ಬಿಸಿ ರೋಲರು ಒದ್ದೆ ಬೆಡ್‌ಶೀಟನ್ನು ಈ ಕಡೆಯಿಂದ ನುಂಗಿ ಆ ಕಡೆಯಿಂದ ಚಪ್ಪಟೆ ಮಾಡಿ ಉಗುಳುತ್ತಿತ್ತು. ಗೆರೆಯಣ್ಣ ಹದಿನಾಲ್ಕು ವರ್ಷದಿಂದ ದಿನಗೂಲಿಯ ಮೇಲೆ ಅದರ ಮುಂದೆ ನಿಂತಿದ್ದ. ಅವನು ಮಡಚಿದ ನೂರು ಶೀಟುಗಳನ್ನು ಒಂದರ ಮೇಲೊಂದು ಇಟ್ಟರೆ ಗೋಡೆ ಕಟ್ಟಿದ ಹಾಗೆ ಕಾಣುತ್ತಿತ್ತು. ಇಡೀ ವಿಭಾಗದ ಮೇಲ್ವಿಚಾರಣೆ ದೊಡ್ಡಕ್ಕನದು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಬಂದವಳು, ಮದುವೆ ಗಿದುವೆ ಎಂದು ಹೋಗದೆ ಅಲ್ಲೇ ಉಳಿದು ಎಲ್ಲರಿಗೂ ದೊಡ್ಡಕ್ಕನಾದಳು. ಈಗ ನಿವೃತ್ತಿಗೆ ನಾಲ್ಕು ತಿಂಗಳಿತ್ತು.

ಇಸ್ತ್ರಿ ವಿಭಾಗದ ಮುಖ್ಯಸ್ಥ ವರ್ಷದ ಮೊದಲಲ್ಲಿ ತೀರಿಕೊಂಡಿದ್ದ. ಆ ಜಾಗ ತುಂಬುತ್ತೇವೆಂದು ನೋಟಿಸು ಬೋರ್ಡಿಗೆ ಚೀಟಿ ಬಿತ್ತು. ಕಾಯಂ ಕೆಲಸ, ಆಸ್ಪತ್ರೆಯ ಆವರಣದಲ್ಲೇ ಎರಡು ಕೋಣೆಯ ಕ್ವಾರ್ಟರ್ಸ್. ಕಾಯಂ ಕೆಲಸಕ್ಕೆ ಸಭೆಯ ಸದಸ್ಯರೇ ಆಗಿರಬೇಕೆಂಬ ನಿಯಮ ಹಳೆಯದು. ಚೀಟಿ ಬಿದ್ದ ಹತ್ತನೇ ದಿನಕ್ಕೆ ಗೆರೆಯಣ್ಣ ಪಾಠಕ್ಕೆ ಬಂದು ಕೂತ. "ಇವನ ಸ್ವರ್ಗದ ದಾರಿ ಕ್ವಾರ್ಟರ್ಸ್ ಮುಂದೇನೇ ಹಾದು ಹೋಗುತ್ತೆ," ಎಂದು ಗಂಟು ಬಿಚ್ಚುವ ಹೆಂಗಸರು ನಕ್ಕರು. ಗೆರೆಯಣ್ಣನಿಗೂ ಕೇಳಿಸಿತು. ಅವನು ರೋಲರಿನ ಆಚೆಯಿಂದ ಬಂದ ಶೀಟಿನ ತುದಿ ಹಿಡಿದು ಎಳೆದ, ಅಷ್ಟೇ.

ಅದೇ ಜಾಗಕ್ಕೆ ಇನ್ನೂ ಒಂದು ಅರ್ಜಿ ಬಿದ್ದಿತ್ತು. ದೊಡ್ಡಕ್ಕನ ತಂಗಿಯ ಮಗನದು.

ತಂಗಿ ಸತ್ತ ಮೇಲೆ ಆ ಮಗುವನ್ನು ಸಾಕಿದವಳು ದೊಡ್ಡಕ್ಕನೇ. ಸಭೆಯ ಶಾಲೆ, ಸಭೆಯ ಹಾಸ್ಟೆಲ್ಲು, ಎಲ್ಲದಕ್ಕೂ ಇವಳೇ ಓಡಾಡಿದ್ದಳು. ಈಗ ಮೂವತ್ತರ ಗಂಡಸು. ಕೆಟ್ಟವನಲ್ಲ, ನಗುನಗುತ್ತ ಮಾತಾಡುವವನು, ಆದರೆ ಹಿಡಿದ ಕೆಲಸ ಆರು ತಿಂಗಳಿಗೆ ಬೇಸರವಾಗುತ್ತಿತ್ತು. ಹೆಂಡತಿಗೆ ಐದು ತಿಂಗಳು. ಬಾಡಿಗೆಗಿದ್ದ ಕೋಣೆಯಲ್ಲಿ ಸ್ನಾನದ ಜಾಗಕ್ಕೂ ಒಲೆಗೂ ನಡುವೆ ಒಂದು ಪರದೆ ಮಾತ್ರ.

"ಆ ಕ್ವಾರ್ಟರ್ಸ್ ಸಿಕ್ಕಿಬಿಟ್ರೆ ನೀವೂ ನಮ್ಮ ಜೊತೇಲೇ, ದೊಡ್ಡಮ್ಮ," ಎಂದಿದ್ದ ಅವನು. "ಒಂದು ಕೋಣೆ ನಿಮ್ಮದು. ಇಲ್ಲಾಂದ್ರೆ ರಿಟೈರ್ ಆದಮೇಲೆ ನೀವೆಲ್ಲಿಗೆ ಹೋಗ್ತೀರಿ ಹೇಳಿ?"

ಆ ಪ್ರಶ್ನೆಯನ್ನು ಅವಳು ತನಗೆ ತಾನೇ ಕೇಳಿಕೊಂಡಿರಲಿಲ್ಲ. ಅವಳಿದ್ದದ್ದು ಹೆಂಗಸರ ಹಾಸ್ಟೆಲಿನ ಕೋಣೆಯಲ್ಲಿ: ಒಂದು ಮಂಚ, ಒಂದು ಪೆಟ್ಟಿಗೆ, ಗೋಡೆಗೆ ಒಂದು ಕ್ಯಾಲೆಂಡರು. ಕೊನೆಯ ಕೆಲಸದ ದಿನದಿಂದ ಹದಿನೈದು ದಿನದೊಳಗೆ ಬಿಟ್ಟುಕೊಡಬೇಕು. ಮೂವತ್ತನಾಲ್ಕು ವರ್ಷ ಎಷ್ಟೋ ಜನರ ಹಾಸಿಗೆಗೆ ಬಟ್ಟೆ ಕಳಿಸಿದವಳಿಗೆ ತನ್ನ ಹಾಸಿಗೆ ಹಾಸಲು ಜಾಗವಿರಲಿಲ್ಲ.

ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಬಾಯ್ಲರ್ ಆರಿಸಿದ್ದರು. ಯಂತ್ರಗಳ ಸದ್ದು ನಿಂತು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಎಲ್ಲರೂ ಮೇಲೆ ಹೋಗಿದ್ದರು. ದೊಡ್ಡಕ್ಕ ಪುಸ್ತಕದಲ್ಲಿ ಅವತ್ತಿನ ಶೀಟುಗಳ ಲೆಕ್ಕ ಬರೆದು ತಲೆಯೆತ್ತಿದರೆ ಗೆರೆಯಣ್ಣ ಇನ್ನೂ ಮೇಜಿನ ಹತ್ತಿರ ನಿಂತಿದ್ದ.

"ಊಟಕ್ಕೆ ಹೋಗಲಿಲ್ವಾ?"

"ಹೋಗ್ತೀನಿ. ನಿಮಗೊಂದು ಮಾತು ಹೇಳಬೇಕಿತ್ತು ದೊಡ್ಡಕ್ಕ. ಮುಂದಿನ ವಾರ ಸಮಿತಿಯವರು ನಿಮ್ಮನ್ನ ಕೇಳ್ತಾರಂತೆ. ಅದಕ್ಕೆ ಮುಂಚೆ ನಿಮಗೆ ಗೊತ್ತಿರಲಿ ಅಂತ."

ಅವನು ಮಡಚಿದ್ದ ದಿಂಬಿನ ಕವರನ್ನು ಬಿಚ್ಚಿ ಮತ್ತೆ ಮಡಚತೊಡಗಿದ. ಕೈಗೆ ಕೆಲಸವಿಲ್ಲದಿದ್ದರೆ ಅವನಿಗೆ ಮಾತು ಬರುತ್ತಿರಲಿಲ್ಲ.

"ಸುಳ್ಳು ಯಾಕೆ ಹೇಳಲಿ. ನಾನು ಮೊದಲು ಬಂದಿದ್ದು ಆ ಮನೆಗಾಗಿಯೇ. ನನ್ನ ಮಗಳು ಅಜ್ಜಿ ಮನೇಲಿದ್ದಾಳೆ, ನಿಮಗೆ ಗೊತ್ತು. ನಾನಿರೋ ರೂಮಲ್ಲಿ ನಾಲ್ಕು ಜನ ಗಂಡಸರು. ಅಲ್ಲಿಗೆ ಹೆಣ್ಣುಮಗುನ ಹೇಗೆ ಕರ್ಕೊಂಡು ಬರ್ಲಿ? ಮನೆ ಸಿಕ್ಕರೆ ಮಗಳನ್ನ ತರಬಹುದು ಅಂತ ಬಂದು ಕೂತೆ. ಪಾಠ ಗೀಠ ಒಂದೂ ತಲೆಗೆ ಹೋಗ್ತಿರಲಿಲ್ಲ."

ದೊಡ್ಡಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು.

"ಆಮೇಲೆ ನೀವು ನಿತ್ಯಜೀವ ಅಂದ್ರಿ. ಅವತ್ತು ಬಾಯಿಪಾಠದ ಪ್ರಶ್ನೆ ಹೇಳಿಸ್ತಿದ್ರಿ. ಆ ಮಾತು ಕೇಳಿದ ಕೂಡಲೇ ನನಗೆ ಆರನೇ ವಾರ್ಡಿನ ಗಂಟು ನೆನಪಾಯ್ತು."

ಆರನೇ ವಾರ್ಡಿನಲ್ಲಿ ಹೋದ ವರ್ಷ ಅವನ ಹೆಂಡತಿ ಸತ್ತಿದ್ದಳು. ಮೂರು ದಿನ ರಜೆ ಬರೆದುಕೊಟ್ಟವಳು ದೊಡ್ಡಕ್ಕನೇ. ಎರಡನೇ ದಿನಕ್ಕೇ ಅವನು ಕೆಲಸಕ್ಕೆ ಬಂದು ನಿಂತಾಗ ಗಟ್ಟಿ ಮನುಷ್ಯ ಎಂದುಕೊಂಡಿದ್ದಳು.

"ಎಲ್ಲಿ ಕೂರಬೇಕೋ ಗೊತ್ತಾಗದೆ ಇಲ್ಲಿಗೇ ಬಂದೆ. ಬಂದ್ರೆ ಆರನೇ ವಾರ್ಡಿನ ಗಂಟು ಒಗೆದು ಮುಗಿಸಿದ್ರು. ಅದರಲ್ಲಿ ಅವಳ ಶೀಟು ಇತ್ತು. ಕಾಲ ಹತ್ರ ಹರಿದು, ಬಿಳಿ ದಾರ ಮುಗಿದಿತ್ತೋ ಏನೋ, ನೀಲಿ ದಾರದಲ್ಲಿ ತೇಪೆ ಹಾಕಿದ್ರು. ಹದಿಮೂರು ದಿನ ಅವಳ ಕಾಲ ಹತ್ರ ಕೂತು ಆ ತೇಪೆನೇ ನೋಡಿದ್ದೆ ದೊಡ್ಡಕ್ಕ. ಮುಖ ನೋಡೋಕೆ ಧೈರ್ಯ ಇರಲಿಲ್ಲ. ರೋಲರಿಗೆ ಕೊಟ್ಟೆ. ಆ ಕಡೆಯಿಂದ ಬಿಸಿಬಿಸಿಯಾಗಿ ಬಂತು. ಮೂಗಿಗೆ ಹಿಡಿದು ನೋಡಿದೆ. ಸೋಪಿನ ವಾಸನೆ ಬಿಟ್ಟರೆ ಏನೂ ಇಲ್ಲ. ಒಂದು ಕಲೆ ಇಲ್ಲ. ನಾವು ಅಷ್ಟು ಚೆನ್ನಾಗಿ ಒಗೀತೀವಲ್ಲ. ಮಡಚಿ ಗಾಡಿಗೆ ಹಾಕಿದೆ. ಸಾಯಂಕಾಲದೊಳಗೆ ಇನ್ಯಾರದೋ ಕೆಳಗೆ ಹಾಸಿರ್ತಾರೆ. ಅಷ್ಟೇನಾ? ಒಬ್ಬ ಮನುಷ್ಯ ಅಂದ್ರೆ ಅಷ್ಟೇನಾ ಅಂತ ಅವತ್ತಿಂದ ಕೇಳ್ಕೋತಾ ಇದ್ದೀನಿ. ಯಾರನ್ನ ಕೇಳಬೇಕೋ ಗೊತ್ತಿರಲಿಲ್ಲ."

ದಿಂಬಿನ ಕವರು ನಾಲ್ಕನೇ ಸಲ ಮಡಚಿಯಾಗಿತ್ತು.

"ಮೊದಲನೇ ವಾರ ಮನೆಗೋಸ್ಕರ ಕೂತಿದ್ದೆ. ಮೂರನೇ ವಾರದಿಂದ ಇದಕ್ಕೋಸ್ಕರ ಕೂತಿದ್ದೀನಿ. ಎರಡನೇ ವಾರ ಯಾವುದಕ್ಕೆ ಅಂತ ನನಗೇ ಗೊತ್ತಿಲ್ಲ." ಅವನು ಸ್ವಲ್ಪ ನಕ್ಕ. "ಮನೆ ಈಗಲೂ ಬೇಕು. ಬೇಡ ಅಂದ್ರೆ ಅದೂ ಸುಳ್ಳಾಗುತ್ತೆ. ಅದಕ್ಕೇ ಭಾನುವಾರ ಹಾಗೆ ಕೇಳಿದ್ದು. ಎರಡು ಮನಸ್ಸಿಟ್ಕೊಂಡು ಕೇಳಿದವನಿಗೆ ಸಿಗುತ್ತೋ ಇಲ್ವೋ ಅಂತ."

ದೊಡ್ಡಕ್ಕ ಲೆಕ್ಕದ ಪುಸ್ತಕ ಬದಿಗೆ ಸರಿಸಿದಳು. ಹನ್ನೆರಡು ವರ್ಷದಲ್ಲಿ ಎಂಬತ್ತು ಜನಕ್ಕಾದರೂ ಪಾಠ ಹೇಳಿದ್ದಳು. ಪ್ರಶ್ನೆಗಳನ್ನೆಲ್ಲ ಕೇಳುತ್ತಿದ್ದವಳು ಅವಳೇ, ಉತ್ತರ ಪುಸ್ತಕದಲ್ಲಿರುತ್ತಿತ್ತು. ಇದು ಪುಸ್ತಕದಿಂದ ಬಂದ ಪ್ರಶ್ನೆಯಲ್ಲ. ತಾನು ಎಂದಾದರೂ ಇಷ್ಟು ಆಳದಿಂದ ಏನನ್ನಾದರೂ ಕೇಳಿದ್ದೇನೆಯೇ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.

"ಇದನ್ನ ಬೇರೆ ಯಾರ ಹತ್ರಾನೂ ಹೇಳಬೇಡ ಗೆರೆಯಣ್ಣ," ಎಂದಳು. "ತಪ್ಪು ತಿಳ್ಕೋತಾರೆ."

"ಬೇರೆ ಯಾರಿಗೆ ಹೇಳಲಿ? ನೀವು ಪಾಠ ಹೇಳೋರು ಅಂತ ನಿಮಗೆ ಹೇಳಿದೆ."

ಅವಳು ಆ ಮಾತನ್ನು ಹೇಳಿದ್ದು ಅವನ ಒಳ್ಳೆಯದಕ್ಕೇ. ಆ ಗಳಿಗೆಯಲ್ಲಿ ಅದರಲ್ಲಿ ಬೇರೇನೂ ಇರಲಿಲ್ಲ. ಆಮೇಲೆ ಎಷ್ಟೋ ಸಲ ಅವಳು ಇದನ್ನು ತನಗೆ ತಾನೇ ಹೇಳಿಕೊಂಡಳು.

ಸಮಿತಿ ಸೇರಿದ್ದು ಮರುವಾರ, ಚರ್ಚಿನ ಪಕ್ಕದ ಕಚೇರಿಯಲ್ಲಿ. ಉದ್ದ ಮೇಜು, ಮೇಜಿನ ಮೇಲೆ ಹಸಿರು ಬಟ್ಟೆ. ಒಂದು ತುದಿಯಲ್ಲಿ ಸಭೆಯ ಪಾದ್ರಿ ಅಯ್ಯನವರು, ಪಕ್ಕದಲ್ಲಿ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡ ಕಾರ್ಯದರ್ಶಿ. ಅಯ್ಯನವರು ವಯಸ್ಸಿನಲ್ಲಿ ದೊಡ್ಡಕ್ಕನಿಗಿಂತ ಚಿಕ್ಕವರು, ಮೃದು ಮಾತಿನವರು. ಎದ್ದು ಅವಳಿಗೆ ಕುರ್ಚಿ ಎಳೆದುಕೊಟ್ಟರು.

ಮೊದಲು ಟೈಲರ್ ಹುಡುಗಿಯ ಹೆಸರು ಬಂತು.

"ಮದುವೆಗೋಸ್ಕರ ಸೇರ್ತಿದ್ದಾಳೆ ಅನ್ನೋದು ಗೊತ್ತೇ ಇದೆ," ಎಂದರು ಕಾರ್ಯದರ್ಶಿ. "ಇರಲಿ ಬಿಡಿ. ಮದುವೆ ಒಳ್ಳೇ ಕಾರಣವೇ."

ಎಲ್ಲರೂ ನಕ್ಕರು. ಟಿಕ್ ಬಿತ್ತು. ಕಾವಲುಗಾರನಿಗೂ ಬಿತ್ತು; ಎಂಬತ್ತರ ಮುದುಕನನ್ನು ಏನೆಂದು ಪರೀಕ್ಷಿಸುವುದು, ಅವನಿಗೆ ಪ್ರಶ್ನೆಯೇ ಕೇಳಿಸುವುದಿಲ್ಲ ಎಂದರು ಅಯ್ಯನವರು. ಮತ್ತೆ ನಕ್ಕರು.

"ಇನ್ನು ನಿಮ್ಮ ಇಸ್ತ್ರಿಯವನು." ಅಯ್ಯನವರು ಕೈ ಕಟ್ಟಿದರು. "ತುಂಬ ಒಳ್ಳೇ ಪ್ರಶ್ನೆ ಕೇಳ್ತಾನಂತೆ. ಆ ಹುಡುಗಿ ಹೇಳಿದ್ಲು. ಕೇಳಿ ಸಂತೋಷ ಆಯ್ತು. ಆದ್ರೆ ಕೆಲಸದ ವಿಷಯ ಬೇರೆ ಇದೆಯಲ್ಲ, ಅದಕ್ಕೆ ಸ್ವಲ್ಪ ಯೋಚನೆ. ನೀವು ದಿನಾ ನೋಡೋರು. ಅವನು ಮನಸ್ಸಿನಿಂದ ಕೇಳ್ತಿದ್ದಾನಾ, ದೊಡ್ಡಕ್ಕ?"

ಹೌದು ಎಂದರೆ ಮುಗಿಯಿತು. ಆ ಒಂದು ಮಾತು ಅವಳ ನಾಲಿಗೆಯ ಮೇಲೇ ಇತ್ತು. ಕಿಟಕಿಯಿಂದ ಆಚೆ ಆಸ್ಪತ್ರೆಯ ಆವರಣ, ಸಾಲಾಗಿ ನಿಂತ ಕ್ವಾರ್ಟರ್ಸ್ ಕಾಣುತ್ತಿದ್ದವು. ಖಾಲಿ ಬಿದ್ದಿದ್ದ ಮನೆಯ ಮುಂದೆ ಯಾರೋ ಬಣ್ಣದ ಡಬ್ಬ ಇಟ್ಟಿದ್ದರು.

"ಮನೆಗೋಸ್ಕರ ಬಂದೆ ಅಂತ ಅವನೇ ನನ್ನ ಹತ್ರ ಹೇಳಿದ, ಅಯ್ಯನವರೇ," ಎಂದಳು.

ಹೇಳಿ ಮುಗಿಸಲಿಲ್ಲ ಎಂದು ಅವಳಿಗೇ ಗೊತ್ತಿತ್ತು. ಆಮೇಲೆ ಎಂಬ ಪದ ಬರಬೇಕಿತ್ತು. ಆಮೇಲೆ ಮೂರನೇ ವಾರ, ನೀಲಿ ದಾರ. ಅವಳು ಕಾದಳು. ಯಾರಾದರೂ ಆಮೇಲೆ ಎಂದು ಕೇಳಿದ್ದರೆ ಹೇಳುತ್ತಿದ್ದಳೇನೋ. ಕಾರ್ಯದರ್ಶಿಗಳು ಕನ್ನಡಕ ಕೆಳಗಿಳಿಸಿ, "ನಾನು ಮೊದಲೇ ಹೇಳಿರಲಿಲ್ವಾ?" ಎಂದರು.

ಅಯ್ಯನವರ ಮುಖ ಬಾಡಿತು. "ಆದ್ರೆ ಆ ಪ್ರಶ್ನೆಗಳು?"

"ಕೇಳೋದು ಕಲಿತಿದ್ದಾನೆ," ಎಂದಳು ದೊಡ್ಡಕ್ಕ.

ಈ ಮಾತು ಎಲ್ಲಿಂದ ಬಂತು? ಮೊದಲನೆಯದಾದರೂ ಅವನು ಹೇಳಿದ್ದು. ಇದು ಪೂರ್ತಿ ಅವಳದೇ.

"ಹಾಗಾದ್ರೆ ಒಂದು ವರ್ಷ ಕಾಯಲಿ," ಎಂದು ಅಯ್ಯನವರು ನಿಟ್ಟುಸಿರುಬಿಟ್ಟರು. "ದೀಕ್ಷಾಸ್ನಾನ ಅನ್ನೋದು ಮನೆ ಬೀಗದ ಕೈ ಆಗಬಾರದು. ನಿಮಗೂ ಇದನ್ನ ಹೇಳೋದು ಕಷ್ಟವಾಗಿರಬೇಕು, ಜೊತೇಲಿ ಕೆಲಸ ಮಾಡೋನು. ಆದ್ರೂ ಮುಚ್ಚಿಡಲಿಲ್ಲ. ನಿಮ್ಮಂಥೋರು ಇರೋದರಿಂದಲೇ ಸಭೆ ನಿಂತಿರೋದು."

ಕಾರ್ಯದರ್ಶಿಗಳು ಇನ್ನೊಂದು ಹಾಳೆ ತಿರುವಿದರು. "ನಿಮ್ಮ ತಂಗಿ ಮಗನ ಅರ್ಜಿ ಇದೆ. ಅವನ ಬಗ್ಗೆ ಕೇಳೋದೇನಿದೆ, ನಮ್ಮ ಕಣ್ಣ ಮುಂದೇನೇ ಬೆಳೆದ ಹುಡುಗ."

ಅವನು ಯಾವ ಮನಸ್ಸಿನಿಂದ ಅರ್ಜಿ ಹಾಕಿದ್ದಾನೆ ಎಂದು ಯಾರೂ ಕೇಳಲಿಲ್ಲ. ಇವಳನ್ನೂ ಕೇಳಲಿಲ್ಲ.

ಗೆರೆಯಣ್ಣನಿಗೆ ವಿಷಯ ತಿಳಿಸಿದವರು ಅಯ್ಯನವರೇ. ಮರುದಿನ ನೆಲಮಾಳಿಗೆಗೆ ಇಳಿದು ಬಂದು, ಅವನ ಹೆಗಲ ಮೇಲೆ ಕೈಯಿಟ್ಟು ಬಾಗಿಲ ಆಚೆಗೆ ಕರೆದುಕೊಂಡು ಹೋದರು. ದೊಡ್ಡಕ್ಕ ಯಂತ್ರಗಳ ಹಿಂದೆ ನಿಂತು ನೋಡುತ್ತಿದ್ದಳು. ಅಯ್ಯನವರು ಮಾತಾಡಿದರು, ಗೆರೆಯಣ್ಣ ತಲೆಯಾಡಿಸಿದ. ಒಂದು ಸಲ ಮಾತ್ರ ತಿರುಗಿ ಒಳಗೆ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳು ಚಟ್ಟನೆ ಗಂಟಿನ ಚೀಟಿ ಓದಲು ಬಗ್ಗಿದಳು.

ಅವನು ಬಂದು ರೋಲರಿನ ಮುಂದೆ ನಿಂತ. ಆ ದಿನವಿಡೀ ನಿಂತ. ಜಗಳ ಆಡಿದ್ದರೆ, ನಾಲ್ಕು ಜನರ ಮುಂದೆ ಬೈದಿದ್ದರೆ, ಅವಳಿಗೆ ಉತ್ತರ ಸಿದ್ಧವಿತ್ತು. ಮೂರು ದಿನ ಕಾದು ಕೊನೆಗೆ ಅವಳೇ ಹೋದಳು.

"ನಾನೇನೂ ಸುಳ್ಳು ಹೇಳಲಿಲ್ಲ ಗೆರೆಯಣ್ಣ."

"ಇಲ್ಲ ದೊಡ್ಡಕ್ಕ. ನಾನು ಹೇಳಿದ್ದನ್ನೇ ಹೇಳಿದ್ದೀರಿ."

ಒಂದು ಶೀಟು ಬಂತು. ತುದಿಗೆ ತುದಿ ಕೂಡಿಸಿ ಮಡಚಿದ. ಇನ್ನೊಂದು ಬಂತು.

"ಹೇಳಿದ್ದನ್ನೆಲ್ಲ ಹೇಳಲಿಲ್ಲ, ಅಷ್ಟೇ," ಎಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಯಾವುದೋ ವಾರ್ಡಿನ ಗಂಟಿನಲ್ಲಿ ಒಂದು ಶೀಟು ಕಡಿಮೆ ಬಂದಿದೆ ಎಂದು ಲೆಕ್ಕ ಒಪ್ಪಿಸುವಾಗಿನ ದನಿ ಅದು.

ಇನ್ನು ಅವನು ಪಾಠಕ್ಕೆ ಬರುವುದಿಲ್ಲ ಎಂದೇ ದೊಡ್ಡಕ್ಕ ತಿಳಿದಿದ್ದಳು. ನಿಜ ಹೇಳಬೇಕೆಂದರೆ, ಬಾರದಿರಲಿ ಎಂದು ಆಸೆಪಟ್ಟಿದ್ದಳು. ಮನೆ ಕೈತಪ್ಪಿದ ಮೇಲೆ ಅವನು ಬಾರದಿದ್ದರೆ ತಾನು ಹೇಳಿದ್ದೇ ನಿಜವಾಗುತ್ತದೆ. ಆಗ ಅವಳು ಹಗುರಾಗಿ ಉಸಿರಾಡಬಹುದು. ಭಾನುವಾರ ಎರಡೂವರೆಗೆ ಹಾಲಿನ ಬಾಗಿಲು ತೆಗೆದಾಗ ಯಾರೂ ಇರಲಿಲ್ಲ. ಐದು ನಿಮಿಷಕ್ಕೆ ಹುಡುಗಿ ಬಂದಳು, ಕಾವಲುಗಾರ ಬಂದು ಫ್ಯಾನಿನ ಕೆಳಗೆ ಕೂತ. ದೊಡ್ಡಕ್ಕ ಪುಸ್ತಕ ತೆರೆದಳು. ಬಾಗಿಲಲ್ಲಿ ನೆರಳು ಬಿತ್ತು.

ಗೆರೆಯಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದು, ಹಿಂದಿನ ಬೆಂಚಿನಲ್ಲಿ ಅದೇ ಜಾಗದಲ್ಲಿ ಕೂತ.

ಅವತ್ತು ಅವಳು ಓದಿದ್ದೇನು, ಹೇಳಿದ್ದೇನು ಅವಳಿಗೆ ನೆನಪುಳಿಯಲಿಲ್ಲ. ಅವನು ಏನೂ ಕೇಳಲಿಲ್ಲ. ಮುಂದಿನ ವಾರವೂ ಬಂದ, ಅದರ ಮುಂದಿನ ವಾರವೂ. ಹುಡುಗಿಗೆ, ಕಾವಲುಗಾರನಿಗೆ ದೀಕ್ಷಾಸ್ನಾನವಾದ ದಿನ ಚರ್ಚಿನ ಕೊನೆಯ ಸಾಲಿನಲ್ಲಿ ಎದ್ದು ನಿಂತು, ನೀರು ತಲೆಯ ಮೇಲೆ ಬಿದ್ದು ಮುದುಕ ಬೆಚ್ಚಿದಾಗ ಎಲ್ಲರ ಜೊತೆ ನಕ್ಕ. ಆಮೇಲೆ ಹುಡುಗಿ ಮದುವೆಯ ಸಡಗರದಲ್ಲಿ ಪಾಠ ಬಿಟ್ಟಳು. ಅವಳು ಬಂದ ಕಾರಣ ಮುಗಿದಿತ್ತು. ಅದನ್ನು ಯಾರೂ ತಪ್ಪೆನ್ನಲಿಲ್ಲ. ಮುದುಕ ಮಾತ್ರ ಫ್ಯಾನು ಬಿಡಲಾರದೆ ಬರುತ್ತಿದ್ದ. ಗೆರೆಯಣ್ಣನೂ ಬರುತ್ತಿದ್ದ.

ತಂಗಿಯ ಮಗ ಇಸ್ತ್ರಿ ವಿಭಾಗದ ಮುಖ್ಯಸ್ಥನಾದ. ಮೊದಲ ವಾರ ಎಲ್ಲರಿಗೂ ಟೀ ತರಿಸಿದ. ಎರಡನೇ ವಾರ ರೋಲರಿಗೆ ತೋಳು ತಾಗಿ ಸುಟ್ಟುಕೊಂಡ. ಆಮೇಲೆ ಕುರ್ಚಿ ಹಾಕಿಕೊಂಡು ಲೆಕ್ಕದ ಪುಸ್ತಕ ನೋಡಿಕೊಳ್ಳತೊಡಗಿದ. "ಅವನಿದ್ದಾನಲ್ಲ ದೊಡ್ಡಮ್ಮ, ಕೆಲಸ ತಾನಾಗಿ ನಡೆಯುತ್ತೆ. ಪಾಪ, ಒಂದು ಮಾತೂ ಆಡಲ್ಲ," ಎಂದ ಒಂದು ದಿನ. ಅವನು ಅದನ್ನು ಮೆಚ್ಚಿಯೇ ಹೇಳಿದ್ದ.

ನಿವೃತ್ತಿಗೆ ಹತ್ತು ದಿನವಿರುವಾಗ ದೊಡ್ಡಕ್ಕ ಒಂದು ಸಂಜೆ ಅಯ್ಯನವರ ಮನೆಯ ತನಕ ಹೋದಳು. ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡಿದ್ದಳು: ಅವತ್ತು ನಾನು ಅರ್ಧ ಹೇಳಿದೆ ಅಯ್ಯನವರೇ, ಉಳಿದರ್ಧ ಇವತ್ತು ಹೇಳ್ತೀನಿ. ಬಾಗಿಲು ತೆಗೆದ ಅಯ್ಯನವರು ಅವಳನ್ನು ನೋಡಿ ಮುಖವರಳಿಸಿದರು.

"ಬನ್ನಿ ಬನ್ನಿ, ನಿಮ್ಮನ್ನೇ ನೆನೆಸ್ಕೋತಿದ್ದೆ. ಭಾನುವಾರ ಆರಾಧನೆಯಲ್ಲಿ ನಿಮ್ಮ ಸೇವೆ ಬಗ್ಗೆ ನಾಲ್ಕು ಮಾತು ಹೇಳಬೇಕು ಅಂತಿದ್ದೀನಿ. ಕ್ವಾರ್ಟರ್ಸ್‌ಗೆ ಬಣ್ಣ ಹೊಡೆಸಿ ಆಯ್ತಲ್ಲ? ಬಾತ್‌ರೂಮಿನ ಬಾಗಿಲೂ ಬದಲಾಯಿಸೋಕೆ ಹೇಳಿದ್ದೀನಿ. ಈ ವಯಸ್ಸಲ್ಲಿ ನೀವು ಒದ್ದಾಡಬಾರದು."

"ದೊಡ್ಡ ಉಪಕಾರ ಆಯ್ತು, ಅಯ್ಯನವರೇ," ಎಂದಳು ದೊಡ್ಡಕ್ಕ.

"ಏನೋ ಹೇಳೋಕೆ ಬಂದ್ರಿ?"

"ಅದನ್ನೇ ಹೇಳೋಕೆ ಬಂದೆ."

ಭಾನುವಾರ ಅವರು ನಾಲ್ಕಲ್ಲ, ಹತ್ತು ಮಾತು ಹೇಳಿದರು. ಸತ್ಯ ಎಂಬ ಪದ ಮೂರು ಸಲ ಬಂತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಲ್ಲಿ ಗೆರೆಯಣ್ಣನೂ ಎದ್ದು ನಿಂತಿದ್ದ. ಅವನು ಚಪ್ಪಾಳೆ ತಟ್ಟಿದನೋ ಇಲ್ಲವೋ ಅವಳಿಗೆ ಕಾಣಲಿಲ್ಲ; ಮುಂದಿನವರ ಬೆನ್ನು ಅಡ್ಡ ಇತ್ತು.

ಅವತ್ತು ಮಧ್ಯಾಹ್ನ ಹಾಲಿನಲ್ಲಿ ಅವರಿಬ್ಬರೂ, ನಿದ್ದೆ ಹೋದ ಮುದುಕನೂ. ಅವಳು ಒಂದು ಪುಟ ಓದಿದಳು. ಎರಡನೇ ಪುಟದ ನಡುವೆ ಓದು ನಿಲ್ಲಿಸಿದಳು.

"ಗೆರೆಯಣ್ಣ, ನೀನು ಯಾಕೆ ಇನ್ನೂ ಬರ್ತೀಯ?"

ಅವನಿಗೆ ಆ ಪ್ರಶ್ನೆ ಅರ್ಥವಾದಂತೆ ಕಾಣಲಿಲ್ಲ. "ನೀವು ಮುಂದಿನ ವಾರ ನೋಡೋಣ ಅಂದಿದ್ರಿ ದೊಡ್ಡಕ್ಕ," ಎಂದ. "ಇನ್ನೂ ನೋಡಲಿಲ್ಲ."

ಅವಳು ಪುಸ್ತಕ ಮುಚ್ಚಿದಳು. ಆ ರಾತ್ರಿಯೇ ಅಯ್ಯನವರಿಗೆ ಚೀಟಿ ಬರೆದಳು: ಮೊಣಕಾಲು ನೋವು, ಬಹಳ ಹೊತ್ತು ಕೂರಲು ಆಗುವುದಿಲ್ಲ, ಪಾಠ ಇನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ. ಬೇರೆ ಯಾರೂ ಸಿಗಲಿಲ್ಲ. ಸಿಗುವ ತನಕ ಪಾಠ ಇಲ್ಲವೆಂದು ಹಾಲಿನ ಬಾಗಿಲಿಗೆ ಕಾಗದ ಅಂಟಿಸಿದರು.

ದೊಡ್ಡಕ್ಕ ತನ್ನ ಪೆಟ್ಟಿಗೆಯೊಂದಿಗೆ ಕ್ವಾರ್ಟರ್ಸ್‌ಗೆ ಬಂದಳು. ಮಗು ಹುಟ್ಟಿ ಎರಡು ವಾರವಾಗಿತ್ತು. ಒಂದು ಕೋಣೆ ಅವಳದೇ ಎಂದಿದ್ದರು. ಮಗು ರಾತ್ರಿ ಅಳುತ್ತದೆ, ಇವನಿಗೆ ಬೆಳಗ್ಗೆ ಕೆಲಸ ಎಂದು ಬಾಣಂತಿಯೂ ಮಗುವೂ ಅವಳ ಕೋಣೆಗೇ ಬಂದರು. ಅದಕ್ಕೆ ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅವಳ ಮಂಚದ ಪಕ್ಕ ಕಿಟಕಿ. ಅಲ್ಲಿಂದ ಆವರಣದ ಗೋಡೆಯಾಚೆ ಹಾಲಿನ ಹಿಂಬಾಗಿಲು, ಅದರ ಮೂರು ಮೆಟ್ಟಿಲು ನೆಟ್ಟಗೆ ಕಾಣುತ್ತವೆ ಎಂದು ಅವಳಿಗೆ ಮೊದಲು ಗೊತ್ತಿರಲಿಲ್ಲ.

ಭಾನುವಾರ ಎರಡೂವರೆಗೆ ಗೆರೆಯಣ್ಣ ಬಂದ. ಬಾಗಿಲ ಮುಂದೆ ನಿಂತು ಕಾಗದ ಓದಿದ, ಅಕ್ಷರಗಳ ಕೆಳಗೆ ಬೆರಳಿಟ್ಟು, ನಿಧಾನವಾಗಿ. ಇನ್ನು ಹೋಗುತ್ತಾನೆ ಎಂದುಕೊಂಡಳು. ಅವನು ಕರವಸ್ತ್ರದಿಂದ ಮೆಟ್ಟಿಲು ಒರೆಸಿ ಕೂತ.

ಸ್ವಲ್ಪ ಹೊತ್ತಿಗೆ ಕಾವಲುಗಾರನೂ ಕೋಲೂರಿಕೊಂಡು ಬಂದ. ಬಾಗಿಲು ತಳ್ಳಿ ನೋಡಿದ, ಬೀಗ ಎಳೆದು ನೋಡಿದ. ಗೆರೆಯಣ್ಣ ಸರಿದು ಜಾಗ ಬಿಟ್ಟ. ಇಬ್ಬರೂ ಮೆಟ್ಟಿಲ ಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತರು. ಆಮೇಲೆ ಗೆರೆಯಣ್ಣ ಮುದುಕನ ಕಿವಿಯ ಹತ್ತಿರ ಬಾಗಿ ಏನೋ ಕೇಳಿದ. ಮುದುಕ ಕಿವಿಯ ಹಿಂದೆ ಕೈ ಹಿಡಿದು ಅವನ ಕಡೆ ತಿರುಗಿದ. ಗೆರೆಯಣ್ಣ ಇನ್ನೂ ಹತ್ತಿರ ಸರಿದು ಅದನ್ನೇ ಮತ್ತೊಮ್ಮೆ ಕೇಳಿದಂತಿತ್ತು. ದೊಡ್ಡಕ್ಕ ಸರಳಿಗೆ ಹಣೆ ತಾಗುವಷ್ಟು ಮುಂದಕ್ಕೆ ಬಾಗಿದಳು. ಅಷ್ಟು ದೂರದಿಂದ ಏನೂ ಕೇಳಿಸಲಿಲ್ಲ.

"ಆ ಕಿಟಕಿ ಮುಚ್ಚಿ ದೊಡ್ಡಮ್ಮ," ಎಂದಳು ಹಿಂದಿನಿಂದ ತಂಗಿಯ ಮಗನ ಹೆಂಡತಿ, ಪಿಸುದನಿಯಲ್ಲಿ. "ಬಿಸಿಲು ನೇರವಾಗಿ ಮಗು ಮುಖಕ್ಕೇ ಬೀಳ್ತಿದೆ. ಈಗಷ್ಟೇ ಮಲಗಿದೆ."

ದೊಡ್ಡಕ್ಕ ಕೈ ಚಾಚಿ ಒಂದು ಬಾಗಿಲು ಎಳೆದುಕೊಂಡಳು. ಇನ್ನೊಂದಕ್ಕೆ ಹೊಸ ಬಣ್ಣ ಅಂಟಿಕೊಂಡಿತ್ತು, ಸಲೀಸಾಗಿ ಬರಲಿಲ್ಲ. ಸದ್ದಾಗದ ಹಾಗೆ, ಎರಡೂ ಕೈಯಿಂದ, ಸ್ವಲ್ಪ ಸ್ವಲ್ಪವೇ ಎಳೆದು ಚಿಲಕ ಹಾಕಿದಳು.